ಇಎಸ್‌ಐ (ನೌಕರರ ರಾಜ್ಯ ವಿಮೆ) ನಿರುದ್ಯೋಗ ಪರಿಹಾರದ ಅರ್ಜಿ ತಿರಸ್ಕೃತವಾಗಿದೆ. ದಾಖಲೆಯಲ್ಲಿ ‘ಕೆಲಸ ಬಿಟ್ಟಿದ್ದಾರೆ’ ಎಂದಿದೆ. ಮುಂದೇನು ಮಾಡಬೇಕು?

ದಾಬಸ್‌ಪೇಟೆಯ ಆಪರೇಟರ್
12 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ತುಮಕೂರು ರಸ್ತೆಯ ಕಡೆಯ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲಿ 2022ರ ಜೂನ್‌ನಿಂದ ಸಿಎನ್‌ಸಿ ಆಪರೇಟರ್ ಆಗಿ ದುಡಿಯುತ್ತಿದ್ದೆ. ಕಳೆದ ಆಗಸ್ಟ್ 9ರಂದು ರಾತ್ರಿ ಪಾಳಿಯನ್ನೇ ನಿಲ್ಲಿಸಲಾಯಿತು. ನನ್ನನ್ನೂ ಸೇರಿಸಿ ಹನ್ನೊಂದು ಜನರ ಹೆಸರು ಬರೆದು, ಸೋಮವಾರ ಕಚೇರಿಗೆ ಬಂದು ಲೆಕ್ಕ ಚುಕ್ತಾ ಮಾಡಿಕೊಳ್ಳತಕ್ಕದ್ದೆಂದು ಪಾಳಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕಿದರು. ಹೋದಾಗ ಒಂದು ಮುದ್ರಿತ ಹಾಳೆಗೆ ಸಹಿ ಮಾಡಿಸಿಕೊಂಡರು. ಅದು ಇಂಗ್ಲಿಷಿನಲ್ಲಿತ್ತು, ಸಹಿ ಹಾಕಿದ ಮೇಲೆಯೇ ಲೆಕ್ಕದ ಚೆಕ್ಕು ಕೊಡುವುದಾಗಿ ಹೇಳಿದ್ದರಿಂದ ಹೆಚ್ಚು ಕೇಳಲಿಲ್ಲ. ಅದು ರಾಜೀನಾಮೆ ಪತ್ರವಾಗಿತ್ತೆಂದು ಈಗ ತಿಳಿಯುತ್ತಿದೆ.

ನನ್ನ ವೇತನ ತಿಂಗಳಿಗೆ 18,400 ರೂಪಾಯಿ, ಅದರಲ್ಲಿ ಇಎಸ್‌ಐಗೆಂದು 138 ರೂಪಾಯಿ ಕಡಿತವಾಗುತ್ತಿತ್ತು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಡಿ ಮೂರು ತಿಂಗಳವರೆಗೆ ಅರ್ಧ ವೇತನದಷ್ಟು ಪರಿಹಾರ ಸಿಗುತ್ತದೆಂದು ಗೆಳೆಯರೊಬ್ಬರು ತಿಳಿಸಿದ್ದರಿಂದ, ಸೆಪ್ಟೆಂಬರ್ 15ರಂದು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಸೇರಿಸಿದೆ. ಅಕ್ಟೋಬರ್ 6ರಂದು ಅರ್ಜಿ ತಿರಸ್ಕೃತವಾಗಿದೆಯೆಂಬ ಸಂದೇಶ ಮೊಬೈಲಿಗೆ ಬಂದಿತು. ಶಾಖಾ ಕಚೇರಿಗೆ ಹೋಗಿ ವಿಚಾರಿಸಿದಾಗ, ಕಂಪನಿಯವರು ‘ಕೆಲಸ ಬಿಟ್ಟಿದ್ದಾರೆ’ ಎಂಬ ಕಾರಣ ನಮೂದಿಸಿದ್ದಾರೆ, ಅಲ್ಲದೆ ವಂತಿಗೆಯ (ವೇತನದ ಮೇಲೆ ಕಟ್ಟುವ ವಿಮಾ ಹಣದ) ದಿನಗಳು ಸಾಲುತ್ತಿಲ್ಲ, ಕಂಪನಿಯನ್ನೇ ಕೇಳಿ ಎಂದರು. ಕಂಪನಿಯಲ್ಲಿ ಕೇಳಿದರೆ ನಮ್ಮ ಕಡೆಯಿಂದ ಎಲ್ಲವೂ ಮುಗಿದಿದೆ, ಇಎಸ್‌ಐ ಕಚೇರಿಯಲ್ಲಿ ಕೇಳಿ ಎನ್ನುತ್ತಾರೆ. ಎರಡು ಬಾಗಿಲುಗಳ ನಡುವೆ ನಾಲ್ಕು ಸಲ ಓಡಾಡಿದ್ದೇನೆ. ಕಾರ್ಮಿಕ ಭವನಕ್ಕೆ ಹೋಗಬೇಕೇ, ವಕೀಲರನ್ನು ಕಾಣಬೇಕೇ, ಅಥವಾ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದೇ? ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು 2,500 ರೂಪಾಯಿ ಕೊಟ್ಟರೆ ತಾವೇ ಮಂಜೂರು ಮಾಡಿಸುವುದಾಗಿ ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಹೊಸ ಪದವೀಧರ
12 ಅಕ್ಟೋಬರ್ 2025

ಅಣ್ಣಾ, ಇಎಸ್‌ಐ ಅರ್ಜಿ ಇತ್ಯರ್ಥವಾಗುವವರೆಗೆ ಯುವನಿಧಿಗೆ ಅರ್ಜಿ ಹಾಕಬಹುದಲ್ಲವೇ? ಸೇವಾ ಸಿಂಧುವಿನಲ್ಲಿ ಸುಲಭವಾಗಿ ಆಗುತ್ತದೆ. ನನ್ನ ತಂಗಿಗೆ ತಿಂಗಳಿಗೆ 3,000 ರೂಪಾಯಿ ಬರುತ್ತಿದೆ.

ಹಳೆಯ ಗುಮಾಸ್ತ
12 ಅಕ್ಟೋಬರ್ 2025

ಯುವನಿಧಿ ಇವರಿಗೆ ಅನ್ವಯಿಸುವುದಿಲ್ಲ. ಅದು ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷಗಳ ಮಿತಿಯಲ್ಲಿ ಕೊಡುವ ರಾಜ್ಯ ಸರ್ಕಾರದ ಯೋಜನೆ. ಅದೂ 2022-23ನೆಯ ಸಾಲಿನಿಂದ ಈಚೆಗೆ ತೇರ್ಗಡೆಯಾದವರಿಗೆ. ಮೂರು ವರ್ಷ ದುಡಿದು ಕೆಲಸ ಕಳೆದುಕೊಂಡವರ ಹಕ್ಕು ಬೇರೆಯ ಕಡೆ ಇದೆ. ಇಲ್ಲಿ ಇವರು ಕೇಳುತ್ತಿರುವುದು ತಮ್ಮ ಸಂಬಳದಿಂದ ಪ್ರತಿ ತಿಂಗಳೂ ಕಟ್ಟಿದ ವಿಮೆಯ ಫಲವನ್ನು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಇಎಸ್‌ಐ ನಿಗಮದ ಶಾಖಾ ಕಚೇರಿಯಲ್ಲಿ ಹಲವು ವರ್ಷ ನಗದು ಸೌಲಭ್ಯಗಳ ಮೇಜಿನಲ್ಲಿ ಕುಳಿತು ನಿವೃತ್ತನಾದವನು. ತಿರಸ್ಕಾರಕ್ಕೆ ಹೇಳಿರುವ ಎರಡು ಕಾರಣಗಳನ್ನು ಮೊದಲು ಬೇರೆ ಬೇರೆ ಮಾಡಿಕೊಳ್ಳಿ, ಏಕೆಂದರೆ ಎರಡಕ್ಕೂ ಬೇರೆ ಬೇರೆ ದಾಖಲೆ ಬೇಕು ಮತ್ತು ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಮೇಜಿನ ಆಚೆ ಕುಳಿತವರು ಸುಲಭವಾದುದಕ್ಕೆ ಉತ್ತರಿಸಿ ಕಷ್ಟವಾದುದನ್ನು ಬಿಟ್ಟುಬಿಡುತ್ತಾರೆ.

ಮೊದಲನೆಯದು ದಿನಗಳ ಲೆಕ್ಕ. ಇಎಸ್‌ಐಯಲ್ಲಿ ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಾಗಿ ಒಡೆದಿದ್ದಾರೆ. ಈ ಪರಿಹಾರಕ್ಕೆ ಎರಡು ವರ್ಷಗಳ ವಿಮಾ ಉದ್ಯೋಗವಿರಬೇಕು. ಕೆಲಸ ಹೋಗುವುದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ, ಮತ್ತು ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನಗಳ ವಂತಿಗೆ ಇರಬೇಕು. 2018ರ ಜುಲೈ 1ರಂದು ಯೋಜನೆ ಆರಂಭವಾದಾಗ ನಾಲ್ಕೂ ಅವಧಿಗಳಲ್ಲಿ 78 ದಿನ ಬೇಕೆಂದಿತ್ತು, ಪರಿಹಾರವೂ ಸರಾಸರಿ ದಿನಗಳಿಕೆಯ ಶೇಕಡಾ 25 ಮಾತ್ರ ಇತ್ತು, ಅರ್ಜಿಗೆ 90 ದಿನ ಕಾಯಬೇಕಿತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದನ್ನು ಶೇಕಡಾ 50ಕ್ಕೆ ಏರಿಸಿ, ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸಿ, ಮಾಲೀಕರ ಮೂಲಕ ಬರಬೇಕೆಂಬ ಷರತ್ತನ್ನು ತೆಗೆದು ನೇರವಾಗಿ ಕಾರ್ಮಿಕರೇ ಅರ್ಜಿ ಹಾಕುವಂತೆ ಮಾಡಿದರು. ನೋಟರಿ ಮಾಡಿಸಿದ ಪ್ರಮಾಣಪತ್ರದ ಅಗತ್ಯವನ್ನೂ ಅದೇ ವರ್ಷದ ನವೆಂಬರಿನಲ್ಲಿ ಕೈಬಿಟ್ಟರು. ಆದ್ದರಿಂದ ಯಾರಾದರೂ ನಿಮ್ಮಿಂದ ಛಾಪಾ ಕಾಗದ ಕೇಳಿದರೆ ಅವರು ಹಳೆಯ ಸುತ್ತೋಲೆಯನ್ನು ಹಿಡಿದುಕೊಂಡಿದ್ದಾರೆಂದು ತಿಳಿಯಿರಿ. ಯೋಜನೆಯ ಅವಧಿಯನ್ನು ಆಗಾಗ ಮುಂದೂಡುತ್ತಾ ಬಂದಿದ್ದಾರೆ. ಈ ವರ್ಷ (2025) ಜಾರಿಯಲ್ಲಿರುವ ವಿಸ್ತರಣೆ 2026ರ ಜೂನ್ 30ರವರೆಗಿನದು.

ನಿಮ್ಮ ಕೆಲಸ ಆಗಸ್ಟಿನಲ್ಲಿ ಹೋಗಿರುವುದರಿಂದ 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಅವಧಿಯೇ ನಿರ್ಣಾಯಕ. ವಿಮಾ ಸಂಖ್ಯೆಯಿಂದ ಪೋರ್ಟಲ್ ಪ್ರವೇಶಿಸಿ ಅಥವಾ ಉಮಂಗ್ ಆ್ಯಪಿನಲ್ಲಿ ಆ ಆರು ತಿಂಗಳ ವಂತಿಗೆ ವಿವರವನ್ನು ತಿಂಗಳುವಾರು ತೆಗೆದು, ನಿಮ್ಮ ವೇತನ ಚೀಟಿಗಳ ಪಕ್ಕದಲ್ಲಿಟ್ಟು ನೋಡಿ. ಏನು ಕಾಣುತ್ತದೆಂದು ಇಲ್ಲಿ ಬರೆಯಿರಿ, ನಂತರ ಎರಡನೆಯ ಕಾರಣದ ಬಗ್ಗೆ ಹೇಳುತ್ತೇನೆ.

ಜೆರಾಕ್ಸ್ ಅಂಗಡಿಯವರಿಗೆ ಒಂದು ರೂಪಾಯಿಯನ್ನೂ, ಒಂದು ಒಟಿಪಿಯನ್ನೂ ಕೊಡಬೇಡಿ. ನಿಮ್ಮ ಅರ್ಜಿ ನಿಂತಿರುವುದು ಕಂಪನಿಯ ನಮೂದಿನಿಂದ. ಅದನ್ನು ಅಂಗಡಿಯವರು ಬದಲಿಸಲಾರರು.

ದಾಬಸ್‌ಪೇಟೆಯ ಆಪರೇಟರ್
13 ಅಕ್ಟೋಬರ್ 2025

ಗುಮಾಸ್ತರೇ, ತುಂಬಾ ಉಪಕಾರವಾಯಿತು. ತಾವು ಹೇಳಿದಂತೆ ನೋಡಿದೆ. ಅಕ್ಟೋಬರ್ 24 ದಿನ, ನವೆಂಬರ್ 23 ದಿನ, ಮಾರ್ಚ್ 24 ದಿನ, ಒಟ್ಟು 71 ದಿನ ತೋರಿಸುತ್ತಿದೆ. ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ತಿಂಗಳು ಖಾಲಿ ಇವೆ. ಆದರೆ ನನ್ನ ವೇತನ ಚೀಟಿಗಳಲ್ಲಿ ಆ ಮೂರೂ ತಿಂಗಳು 138 ರೂಪಾಯಿ ಕಡಿತವಾಗಿರುವುದು ಸ್ಪಷ್ಟವಾಗಿದೆ. ಅಂದರೆ 414 ರೂಪಾಯಿ ನನ್ನಿಂದ ಹಿಡಿದುಕೊಂಡು ಕಟ್ಟಿಲ್ಲವೆಂದಾಯಿತೇ?

ಹಳೆಯ ಗುಮಾಸ್ತ
13 ಅಕ್ಟೋಬರ್ 2025

ಹೌದು, ಹಾಗೆಯೇ ಆಗಿದೆ. ಮತ್ತು ನಿಮ್ಮ ಮಟ್ಟಿಗೆ ಇದು ಒಳ್ಳೆಯ ಸುದ್ದಿ, ಏಕೆಂದರೆ ಕೊರತೆಯಿರುವುದು ನಿಮ್ಮ ಹಾಜರಾತಿಯಲ್ಲಲ್ಲ, ಕಂಪನಿಯ ಪಾವತಿಯಲ್ಲಿ. ಕಾರ್ಮಿಕರ ಪಾಲು ವೇತನದ ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25, ಎರಡನ್ನೂ ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟುವ ಹೊಣೆ ಸಂಪೂರ್ಣವಾಗಿ ಮಾಲೀಕರದು. ಸಂಬಳದಿಂದ ಕಡಿತ ಮಾಡಿದ ಹಣವನ್ನು ಕಾನೂನು ಕಾರ್ಮಿಕರು ನಂಬಿಕೆಯಿಂದ ಒಪ್ಪಿಸಿದ ಹಣವೆಂದೇ ಪರಿಗಣಿಸುತ್ತದೆ. ತಡವಾದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, ಅದರ ಮೇಲೆ ದಂಡನಾ ರೂಪದ ನಷ್ಟಭರ್ತಿ, ಕಟ್ಟದೇ ಉಳಿದರೆ ಮೊಕದ್ದಮೆಯವರೆಗೂ ಹೋಗಬಹುದು. ಆದ್ದರಿಂದ ಈ ವಿಷಯದಲ್ಲಿ ಲಿಖಿತ ದೂರು ಬಂದರೆ ಕಂಪನಿಗಳು ಸಾಮಾನ್ಯವಾಗಿ ಹಠ ಹಿಡಿಯುವುದಿಲ್ಲ. ಬಾಯಿಮಾತಿನಲ್ಲಿ ಕೇಳಿದರೆ ಅಲುಗುವುದೂ ಇಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಪರಿಹಾರದ ಮೊತ್ತವನ್ನು ಲೆಕ್ಕ ಹಾಕುವುದು ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ. ನೀವು ಎಷ್ಟು ದಿನ ಕೆಲಸ ಮಾಡಿದ್ದೀರೆಂಬುದನ್ನು ಭಾಜಕ ನೋಡುವುದಿಲ್ಲ; ನಡುವೆ ತಿಂಗಳುಗಳು ಖಾಲಿ ಬಿದ್ದಿದ್ದರೂ 730 ಹಾಗೆಯೇ ಉಳಿಯುತ್ತದೆ. ಎರಡು ವರ್ಷವೂ ನಿಮ್ಮ ವೇತನ 18,400 ಇತ್ತೆಂದುಕೊಂಡರೆ ಒಟ್ಟು ಗಳಿಕೆ 4,41,600. ದಿನದ ಸರಾಸರಿ ಸುಮಾರು 605. ಅದರ ಅರ್ಧ 302 ರೂಪಾಯಿ ಚಿಲ್ಲರೆ. 90 ದಿನಕ್ಕೆ ಸುಮಾರು 27,222 ರೂಪಾಯಿ. ಆ ಮೂರು ತಿಂಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 23,819ಕ್ಕೆ ಇಳಿಯುತ್ತದೆ. ಕಂಪನಿ ಕಟ್ಟದ ವಂತಿಗೆಯಿಂದ ನಿಮಗೆ ಆಗುವ ನಷ್ಟ 414 ರೂಪಾಯಿಯದಲ್ಲ, ಅರ್ಹತೆಯೇ ಹೋಗುತ್ತದೆ. ಅರ್ಹತೆ ಉಳಿದರೂ ಮೂರು ಸಾವಿರಕ್ಕೂ ಹೆಚ್ಚು ಕೈತಪ್ಪುತ್ತದೆ.

ಈಗ ‘ಕೆಲಸ ಬಿಟ್ಟಿದ್ದಾರೆ’ ಎಂಬ ನಮೂದು. ಪ್ರತಿ ತಿಂಗಳ ವಂತಿಗೆ ವಿವರ ಸಲ್ಲಿಸುವಾಗ, ಯಾವ ಕಾರ್ಮಿಕರಿಗೆ ಕೆಲಸದ ದಿನಗಳು ಸೊನ್ನೆಯೋ ಅವರ ಮುಂದೆ ಒಂದು ಕಾರಣವನ್ನು ಆರಿಸಬೇಕಾಗುತ್ತದೆ. ರಜೆ, ಕೆಲಸ ಬಿಟ್ಟಿದ್ದಾರೆ, ನಿವೃತ್ತಿ, ಮುಷ್ಕರ ಅಥವಾ ಬೀಗಮುದ್ರೆ, ರಿಟ್ರೆಂಚ್‌ಮೆಂಟ್ (ಕಂಪನಿಯೇ ಕಾರ್ಮಿಕರನ್ನು ಕಡಿತಗೊಳಿಸುವುದು), ಕೆಲಸವಿಲ್ಲ ಎಂದೆಲ್ಲ ಆ ಪಟ್ಟಿಯಲ್ಲಿವೆ. ‘ಕೆಲಸ ಬಿಟ್ಟಿದ್ದಾರೆ’ ಎಂಬುದು ಮೇಲಿನಿಂದ ಎರಡನೆಯ ಕಾರಣವಾಗಿರುವುದರಿಂದಲೋ ಏನೋ, ಹೋದವರೆಲ್ಲರ ಮುಂದೆಯೂ ಅದನ್ನೇ ಒತ್ತಿಬಿಡುವ ಗುಮಾಸ್ತರನ್ನು ನಾನು ಸಾಕಷ್ಟು ಕಂಡಿದ್ದೇನೆ. ಎಲ್ಲ ಸಲವೂ ಅದರಲ್ಲಿ ದುರುದ್ದೇಶವಿರುವುದಿಲ್ಲ, ಆದರೆ ಯೋಜನೆಯ ನಿಯಮದಲ್ಲಿ ಸ್ವಇಚ್ಛೆಯಿಂದ ಕೆಲಸ ತೊರೆದವರಿಗೆ, ಸ್ವಯಂ ನಿವೃತ್ತರಿಗೆ ಮತ್ತು ದುರ್ನಡತೆಗಾಗಿ ವಜಾಗೊಂಡವರಿಗೆ ಪರಿಹಾರವಿಲ್ಲವಾದ್ದರಿಂದ ಆ ಒಂದು ಒತ್ತು ನಿಮ್ಮನ್ನು ಹೊರಗಿಡುತ್ತದೆ. ಸಲ್ಲಿಸಿದ ನಮೂದನ್ನು ತಿದ್ದಬೇಕಾದರೆ ಕಂಪನಿಯೇ ಪತ್ರ ಬರೆದು ನಿಗಮದ ಕಚೇರಿಯ ಮೂಲಕ ಮಾಡಿಸಬೇಕು. ನಿಮ್ಮ ಸಹಿಯಿರುವ ಆ ರಾಜೀನಾಮೆ ಪತ್ರ ಇಲ್ಲಿ ಅಡ್ಡ ಬರುತ್ತದೆ. ಇದೇ ನಿಮ್ಮ ಪ್ರಕರಣದ ಕಠಿಣ ಭಾಗ.

ಹೊಲಿಗೆ ಯಂತ್ರ
13 ಅಕ್ಟೋಬರ್ 2025

ನಾನು ಗಾರ್ಮೆಂಟ್ಸ್ ಘಟಕವೊಂದರಲ್ಲಿ ಕಾರ್ಮಿಕ ಪ್ರತಿನಿಧಿಯಾಗಿದ್ದವಳು. ನಮ್ಮ ಘಟಕ ಮುಚ್ಚುವಾಗಲೂ ಇದೇ ರೀತಿಯ ಹಾಳೆಗಳಿಗೆ ಸಹಿ ಮಾಡಿಸಿಕೊಂಡಿದ್ದರು. ಹಾಗಾಗಿ ಅನುಭವದಿಂದ ಒಂದು ಮಾತು ಕೇಳುತ್ತೇನೆ: ಅಣ್ಣಾ, ಚೆಕ್ಕಿನ ಜೊತೆಗೆ ಕೊಟ್ಟ ಲೆಕ್ಕದ ಚೀಟಿ ನಿಮ್ಮ ಬಳಿ ಇದೆಯೇ? ಇದ್ದರೆ ಅದರಲ್ಲಿ ‘ನೋಟಿಸ್ ಪೇ’ ಎಂದೋ ‘ರಿಟ್ರೆಂಚ್‌ಮೆಂಟ್ ಕಾಂಪೆನ್ಸೇಷನ್’ ಎಂದೋ ಒಂದು ಸಾಲು ಇದೆಯೇ ಎಂದು ನೋಡಿ. ಒಂದು ವರ್ಷ ಸತತವಾಗಿ ದುಡಿದವರನ್ನು ಕಂಪನಿಯೇ ತೆಗೆಯುವಾಗ ಒಂದು ತಿಂಗಳ ನೋಟಿಸನ್ನು ಅಥವಾ ಅದರ ಬದಲಿಗೆ ಒಂದು ತಿಂಗಳ ವೇತನವನ್ನು, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಕೊಡಬೇಕೆಂದು ನಿಮ್ಮನ್ನು ತೆಗೆದಾಗ (2025ರ ಆಗಸ್ಟಿನಲ್ಲಿ) ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳುತ್ತಿತ್ತು. ತಾನಾಗಿ ರಾಜೀನಾಮೆ ಕೊಟ್ಟು ಹೋಗುವವರಿಗೆ ಯಾವ ಕಂಪನಿಯೂ ನೋಟಿಸ್ ವೇತನವನ್ನು ಕೈಯಿಂದ ಕೊಡುವುದಿಲ್ಲ, ಬದಲಿಗೆ ಅವರಿಂದಲೇ ಹಿಡಿದುಕೊಳ್ಳುತ್ತದೆ. ಅಂಥ ಸಾಲು ಇದ್ದರೆ, ಕಂಪನಿಯೇ ನಿಮ್ಮನ್ನು ತೆಗೆದಿದೆಯೆಂದು ಅದರ ಲೆಕ್ಕದ ವಿಭಾಗವೇ ಬರೆದುಕೊಟ್ಟಂತೆ. ನಮ್ಮವರಲ್ಲಿ ಹಲವರಿಗೆ ಕೆಲಸಕ್ಕೆ ಬಂದಿದ್ದು ಆ ಒಂದು ಸಾಲು.

ವಾಟ್ಸಾಪ್ ಸಂದೇಶವನ್ನೂ ಅಳಿಸಬೇಡಿ. ಹನ್ನೊಂದು ಹೆಸರು, ಕಳುಹಿಸಿದವರ ನಂಬರು, ದಿನಾಂಕ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಮುದ್ರಿಸಿಟ್ಟುಕೊಳ್ಳಿ. ಉಳಿದ ಹತ್ತು ಜನರೂ ಇದೇ ಸ್ಥಿತಿಯಲ್ಲಿರುತ್ತಾರೆ. ಒಂದೇ ದಿನ ಒಂದೇ ಪಾಳಿಯ ಹನ್ನೊಂದು ಜನ ಒಂದೇ ಬಗೆಯ ಮುದ್ರಿತ ಹಾಳೆಯಲ್ಲಿ ತಾವಾಗಿ ರಾಜೀನಾಮೆ ಕೊಟ್ಟರೆಂದರೆ ಯಾವ ಅಧಿಕಾರಿಯೂ ನಂಬುವುದು ಕಷ್ಟ. ಪ್ರತಿಯೊಬ್ಬರೂ ತಮ್ಮ ತಮ್ಮ ವಿಮಾ ಸಂಖ್ಯೆಯ ಮೇಲೆ ಪ್ರತ್ಯೇಕ ಅರ್ಜಿ ಕೊಡಿ, ಆದರೆ ಒಟ್ಟಿಗೆ ಹೋಗಿ ಕೊಡಿ.

ರಿಟ್ರೆಂಚ್‌ಮೆಂಟ್ ಎಂಬ ಪದಕ್ಕೆ ಹೋರಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2005ರ ಏಪ್ರಿಲ್‌ನಿಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಎಂಬ ಇನ್ನೊಂದು ನಿರುದ್ಯೋಗ ಭತ್ಯೆ ಇಎಸ್‌ಐಯಲ್ಲೇ ಇದೆ. ಕಾರ್ಖಾನೆ ಮುಚ್ಚಿದರೆ, ಕಾರ್ಮಿಕರನ್ನು ಕಾನೂನುಬದ್ಧವಾಗಿ ಕಡಿತಗೊಳಿಸಿದರೆ ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯವಾದರೆ, ಮೊದಲ 12 ತಿಂಗಳು ವೇತನದ ಶೇಕಡಾ 50, ನಂತರದ 12 ತಿಂಗಳು ಶೇಕಡಾ 25ರಂತೆ ಅದು ಸಿಗುತ್ತದೆ. ಆ ಅವಧಿಯಲ್ಲಿ ವೈದ್ಯಕೀಯ ಸೌಲಭ್ಯವೂ ಮುಂದುವರಿಯುತ್ತದೆ. ಅಟಲ್ ಯೋಜನೆಯದು ಜೀವಮಾನದಲ್ಲಿ 90 ದಿನ ಮಾತ್ರ. ಎರಡನ್ನೂ ಒಟ್ಟಿಗೆ ಪಡೆಯಲಾಗದು. ಆದ್ದರಿಂದ ತರಾತುರಿಯಲ್ಲಿ ‘ಕೆಲಸವಿಲ್ಲ’ ಎಂಬ ಕಾರಣಕ್ಕೆ ಕಂಪನಿಯೊಂದಿಗೆ ರಾಜಿಯಾಗುವ ಮೊದಲು ಯಾವುದು ನಿಮಗೆ ಅನ್ವಯಿಸುತ್ತದೆಂದು ಶಾಖಾ ವ್ಯವಸ್ಥಾಪಕರನ್ನು ಕೇಳಿ.

ದಾಬಸ್‌ಪೇಟೆಯ ಆಪರೇಟರ್
14 ಅಕ್ಟೋಬರ್ 2025

ಮೇಡಂ, ತಮಗೆ ಕೈಮುಗಿಯುತ್ತೇನೆ. ಲೆಕ್ಕದ ಚೀಟಿಯನ್ನು ಪಾಸ್‌ಬುಕ್ಕಿನೊಳಗೆ ಮಡಿಸಿಟ್ಟಿದ್ದೆ. ಬಾಕಿ ವೇತನ, ಬೋನಸ್, ಗಳಿಕೆ ರಜೆ ಇವುಗಳ ಕೆಳಗೆ ‘ನೋಟಿಸ್ ಪೇ 18,400’ ಎಂದು ಒಂದು ಸಾಲಿದೆ. ಅಂದು ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಿದ್ದೆ. ಈಗ ಈ ಕಾಗದಗಳನ್ನು ಯಾರಿಗೆ, ಯಾವ ಕ್ರಮದಲ್ಲಿ ಕೊಡಬೇಕು?

ಹಳೆಯ ಗುಮಾಸ್ತ
14 ಅಕ್ಟೋಬರ್ 2025

ಈ ಸಾಲು ನಿಮ್ಮ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ. ಕಾರ್ಮಿಕ ಪ್ರತಿನಿಧಿಯವರು ಹೇಳಿದ್ದು ನನಗೂ ತಕ್ಷಣ ಹೊಳೆದಿರಲಿಲ್ಲ. ಮೇಜಿನ ಈಚೆಗಿದ್ದವರಿಗೆ ಕಾಣುವುದು ಆಚೆಗಿದ್ದವರಿಗೆ ಕಾಣುವುದಿಲ್ಲ.

ಮೊದಲು ಬಾಗಿಲುಗಳ ವಿಷಯ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ರಾಜ್ಯ ಸರ್ಕಾರದ ಕಾರ್ಮಿಕ ಇಲಾಖೆಯದು, ಇಎಸ್‌ಐ ನಿಗಮ ಕೇಂದ್ರ ಸರ್ಕಾರದ ಕಾರ್ಮಿಕ ಸಚಿವಾಲಯದ ಅಧೀನದ್ದು. ಇಎಸ್‌ಐ ಚಿಕಿತ್ಸಾಲಯಗಳನ್ನು ರಾಜ್ಯದ ಇಲಾಖೆ ನಡೆಸುವುದರಿಂದ ಜನರಿಗೆ ಗೊಂದಲವಾಗುತ್ತದೆ. ಆದರೆ ನಗದು ಸೌಲಭ್ಯವೆಲ್ಲ ನಿಗಮದ ಶಾಖಾ ಕಚೇರಿಯಿಂದಲೇ ಬರಬೇಕು. ಬಲವಂತದ ರಾಜೀನಾಮೆಯನ್ನು ಪ್ರಶ್ನಿಸಿ ಕೆಲಸವನ್ನೇ ಮರಳಿ ಕೇಳುವುದಾದರೆ ಕಾರ್ಮಿಕ ಅಧಿಕಾರಿಯ ಮುಂದೆ ವಿವಾದ ಎತ್ತಬಹುದು, ಅದು ಬೇರೆಯೇ ದಾರಿ ಮತ್ತು ದೀರ್ಘವಾದ ದಾರಿ. ಪರಿಹಾರಕ್ಕೆ ಅದನ್ನು ಕಾಯಬೇಕಾಗಿಲ್ಲ.

ಶಾಖಾ ವ್ಯವಸ್ಥಾಪಕರ ಹೆಸರಿಗೆ ಎರಡು ಪ್ರತ್ಯೇಕ ಪತ್ರಗಳನ್ನು ಕನ್ನಡದಲ್ಲಿಯೇ ಬರೆಯಿರಿ. ಮೊದಲ ಪತ್ರದಲ್ಲಿ ಡಿಸೆಂಬರ್, ಜನವರಿ, ಫೆಬ್ರವರಿಯ ಕಡಿತವಾದರೂ ಪಾವತಿಯಾಗದ ವಂತಿಗೆಯ ಬಗ್ಗೆ ತನಿಖೆ ಕೋರಿ, ಮೂರು ವೇತನ ಚೀಟಿ ಮತ್ತು ಆ ತಿಂಗಳುಗಳಲ್ಲಿ ಸಂಬಳ ಜಮೆಯಾದ ಬ್ಯಾಂಕ್ ವಿವರ ಲಗತ್ತಿಸಿ. ಎರಡನೆಯದರಲ್ಲಿ ನಿರ್ಗಮನದ ಕಾರಣ ತಪ್ಪಾಗಿದೆಯೆಂದು ತಿಳಿಸಿ, ಲೆಕ್ಕದ ಚೀಟಿ ಮತ್ತು ವಾಟ್ಸಾಪ್ ಸಂದೇಶದ ಮುದ್ರಿತ ಪ್ರತಿ ಸೇರಿಸಿ, ಕಂಪನಿಯಿಂದ ವಿವರಣೆ ಪಡೆದು ಅರ್ಜಿಯನ್ನು ಮರುಪರಿಶೀಲಿಸಬೇಕೆಂದು ಕೇಳಿ. ರಾಜೀನಾಮೆಗೆ ಸಹಿ ಮಾಡಿದ್ದನ್ನು ಮುಚ್ಚಿಡಬೇಡಿ; ಚೆಕ್ಕು ಪಡೆಯುವ ಷರತ್ತಾಗಿ, ಓದಿ ಹೇಳದೆ ಸಹಿ ಪಡೆದರೆಂದು ನಡೆದದ್ದನ್ನೇ ಬರೆಯಿರಿ. ಎರಡೂ ಪತ್ರಗಳ ಎರಡನೆಯ ಪ್ರತಿಯ ಮೇಲೆ ಟಪಾಲು ಮೇಜಿನಲ್ಲಿ ಮೊಹರು, ದಿನಾಂಕ ಮತ್ತು ಸಂಖ್ಯೆ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮೊಹರು ಹಾಕಲು ಒಪ್ಪದಿದ್ದರೆ ವಾದ ಮಾಡದೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ.

ಎರಡು ವಾರದಲ್ಲಿ ಚಲನೆ ಕಾಣದಿದ್ದರೆ ಕೇಂದ್ರದ ಸಾರ್ವಜನಿಕ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಕಾರ್ಮಿಕ ಸಚಿವಾಲಯದಡಿ ಇಎಸ್‌ಐ ನಿಗಮವನ್ನು ಆರಿಸಿ ದೂರು ಕೊಡಿ. ಅದಕ್ಕೆ 21 ದಿನಗಳ ಗಡುವಿದೆ. ಉತ್ತರ ತೃಪ್ತಿಕರವಲ್ಲದಿದ್ದರೆ ಅದರ ಮೇಲೆಯೇ ಮೇಲ್ಮನವಿಗೂ ಅವಕಾಶವಿದೆ. ಅದರೊಂದಿಗೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ, ನಿಮ್ಮ ಕ್ಲೇಮಿನ ಕಡತದ ಟಿಪ್ಪಣಿಗಳ ಪ್ರತಿಯನ್ನು ಮತ್ತು ಕಂಪನಿ ನೀಡಿದ ಉತ್ತರದ ಪ್ರತಿಯನ್ನು ಕೇಳಿ. ‘ಏಕೆ ತಿರಸ್ಕರಿಸಿದಿರಿ’ ಎಂದು ಕೇಳಬೇಡಿ, ‘ಪ್ರತಿ ಕೊಡಿ’ ಎಂದು ಕೇಳಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. 1800-11-2526 ಎಂಬ ಉಚಿತ ಸಹಾಯವಾಣಿ ಅರ್ಜಿಯ ಸ್ಥಿತಿ ತಿಳಿಯಲು ಸಾಕು, ವಿವಾದ ಬಗೆಹರಿಸಲು ಸಾಲದು. ತಿಂಗಳಿಗೊಮ್ಮೆ ನಡೆಯುವ ‘ಸುವಿಧಾ ಸಮಾಗಮ’ ಎಂಬ ದೂರು ಸಭೆಯಲ್ಲಿ ಅಧಿಕಾರಿಗಳೇ ಎದುರಿಗೆ ಕುಳಿತಿರುತ್ತಾರೆ, ಮುಂದಿನದು ಯಾವ ದಿನವೆಂದು ಶಾಖೆಯ ಫಲಕದಲ್ಲಿ ನೋಡಿಕೊಳ್ಳಿ. ಇದೆಲ್ಲ ವಿಫಲವಾದರೆ ಮಾತ್ರ ಕಾರ್ಮಿಕರ ವಿಮಾ ನ್ಯಾಯಾಲಯ. ವಕೀಲರು ಅಲ್ಲಿಯವರೆಗೆ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ: ನಿರುದ್ಯೋಗದ ದಿನದಿಂದ ಒಂದು ವರ್ಷದೊಳಗೆ ಕ್ಲೇಮು ಇರಬೇಕು. ಈ ನಡುವೆ ಬೇರೆ ಕೆಲಸ ಸಿಕ್ಕರೆ ಧಾರಾಳವಾಗಿ ಸೇರಿಕೊಳ್ಳಿ, ಆದರೆ ಸೇರಿದ ದಿನಾಂಕವನ್ನು ಪ್ರಾಮಾಣಿಕವಾಗಿ ತಿಳಿಸಿ. ಖಾಲಿಯಿದ್ದ ದಿನಗಳ ಪರಿಹಾರವನ್ನು ಆಮೇಲೆಯೂ ಕೇಳಬಹುದು.

ದಾಬಸ್‌ಪೇಟೆಯ ಆಪರೇಟರ್
16 ನವೆಂಬರ್ 2025

ಇಲ್ಲಿಯವರೆಗಿನದನ್ನು ತಿಳಿಸಬೇಕೆಂದು ಬರೆಯುತ್ತಿದ್ದೇನೆ. ನಾವು ಏಳು ಜನ ಒಟ್ಟಿಗೆ ಹೋಗಿ ಪತ್ರಗಳನ್ನು ಕೊಟ್ಟೆವು. ಉಳಿದ ನಾಲ್ವರಿಗೆ ಬೇರೆ ಕಡೆ ಕೆಲಸ ಸಿಕ್ಕಿದ್ದರಿಂದ ಅವರು ಬರಲಿಲ್ಲ. ಮೊಹರು ಹಾಕಲು ಮೊದಲು ಹಿಂಜರಿದರು, ಏಳು ಜನರೂ ಬೆಂಚಿನ ಮೇಲೆ ಕುಳಿತೇ ಇದ್ದುದನ್ನು ಕಂಡು ಮಧ್ಯಾಹ್ನದ ಊಟಕ್ಕೆ ಮುಂಚೆ ಹಾಕಿಕೊಟ್ಟರು. ಅಕ್ಟೋಬರ್ ಕೊನೆಗೆ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿದೆ. ಕಳೆದ ವಾರ ಪೋರ್ಟಲ್ ತೆರೆದಾಗ ಖಾಲಿಯಿದ್ದ ಮೂರು ತಿಂಗಳುಗಳಲ್ಲಿ 25, 24 ಮತ್ತು 23 ದಿನಗಳು ಕಾಣಿಸಿಕೊಂಡಿದ್ದವು. ಒಟ್ಟು 143 ದಿನ. ನಿರ್ಗಮನದ ಕಾರಣ ಇನ್ನೂ ಬದಲಾಗಿಲ್ಲ, ಆದರೆ ಕಂಪನಿಯಿಂದ ಲಿಖಿತ ವಿವರಣೆ ಕೇಳಲಾಗಿದೆಯೆಂದು ದೂರಿಗೆ ಉತ್ತರ ಬಂದಿದೆ. ನಿನ್ನೆ ಕಂಪನಿಯ ಕಚೇರಿಯಿಂದಲೇ ಫೋನ್ ಮಾಡಿ, ‘ಕೆಲಸವಿಲ್ಲ’ ಎಂದು ತಿದ್ದಿಕೊಟ್ಟರೆ ಒಪ್ಪುತ್ತೀರಾ ಎಂದು ಕೇಳಿದರು. ಶಾಖಾ ವ್ಯವಸ್ಥಾಪಕರನ್ನು ಕೇಳಿ ಹೇಳುವುದಾಗಿ ತಿಳಿಸಿ ಫೋನ್ ಇಟ್ಟಿದ್ದೇನೆ.

ಹೊಲಿಗೆ ಯಂತ್ರ
16 ನವೆಂಬರ್ 2025

ಸರಿಯಾಗಿ ಮಾಡಿದಿರಿ ಅಣ್ಣಾ. ಏನೇ ಒಪ್ಪುವುದಿದ್ದರೂ ಏಳು ಜನರೂ ಕುಳಿತು ಮಾತನಾಡಿಕೊಂಡು, ಕಂಪನಿಯಿಂದ ಪತ್ರದ ಮೂಲಕವೇ ಕೇಳಿಸಿಕೊಳ್ಳಿ. ಈ ಸಲ ಯಾವ ಹಾಳೆ ಮುಂದಿಟ್ಟರೂ ಮನೆಗೆ ತೆಗೆದುಕೊಂಡು ಹೋಗಿ ಓದಿಸಿಕೊಂಡ ಮೇಲೆ ಸಹಿ ಹಾಕಿ.